ಡಿಮೆನ್ಷಿಯಾ ಆರೈಕೆ: ಸಿಬ್ಬಂದಿಗೆ ತರಬೇತಿ ಕೊಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಡಿಮೆನ್ಷಿಯಾ ಅಂದರೆ ಮಿದುಳಿನ ಕಾಯಿಲೆಯಿಂದ ನೆನಪು, ಯೋಚನೆ, ಮಾತು ಕುಂದುತ್ತಾ ಹೋಗುವುದು. ವೃದ್ಧಾಶ್ರಮಗಳಲ್ಲಿ ಇದರ ತರಬೇತಿ ಅಂದರೆ ಸಾಮಾನ್ಯವಾಗಿ ನಡೆಯುವುದು ಇಷ್ಟೇ. ಹೊರಗಿನಿಂದ ಒಬ್ಬ ಡಾಕ್ಟರ್ ಬರುತ್ತಾರೆ. ಪ್ರೊಜೆಕ್ಟರ್‌ನಲ್ಲಿ ಮಿದುಳಿನ ಚಿತ್ರ ತೋರಿಸುತ್ತಾರೆ. ಆಲ್‌ಝೈಮರ್ಸ್, ವ್ಯಾಸ್ಕುಲರ್, ಲೂಯಿ ಬಾಡಿ ಅಂತ ವಿಧಗಳನ್ನು ವಿವರಿಸುತ್ತಾರೆ. ಟೀ, ಬಿಸ್ಕತ್ತು, ಸರ್ಟಿಫಿಕೇಟ್, ಗ್ರೂಪ್ ಫೋಟೊ. ಮರುದಿನ ಬೆಳಗ್ಗೆ ಆರೂವರೆಗೆ ಅದೇ ಆಯಾ ಅದೇ ಅಜ್ಜಿಯ ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋಗುತ್ತಾರೆ. ಅಜ್ಜಿ ಕಿರುಚುತ್ತಾರೆ. ಆಯಾ ಗದರುತ್ತಾರೆ.

ಇದರಲ್ಲಿ ಆಯಾರನ್ನು ಬೈದು ಪ್ರಯೋಜನವಿಲ್ಲ. ತಿಂಡಿ ಹೊತ್ತಿಗೆ ಎಲ್ಲರ ಸ್ನಾನ ಮುಗಿದಿರಬೇಕು ಅಂತ ಅವರಿಗೆ ಆರ್ಡರ್ ಇದೆ. ರೋಗದ ಬಗ್ಗೆ ಪಾಠ ಕೇಳಿದ್ದಾರೆ, ಆದರೆ ಈ ಅಜ್ಜಿ ಯಾರು ಅಂತ ಯಾರೂ ಹೇಳಿಲ್ಲ. ಹೇಳಿದ್ದರೂ ನಾಳೆ ಅವರ ಡ್ಯೂಟಿ ಬೇರೆ ಮಹಡಿಗೆ.

ವೃದ್ಧಾಶ್ರಮದ ಸೂಪರ್‌ವೈಸರ್, ನರ್ಸಿಂಗ್ ಇನ್‌ಚಾರ್ಜ್, ಹೋಮ್ ನರ್ಸಿಂಗ್ ಏಜೆನ್ಸಿ ನಡೆಸುವವರು, ಅಂದರೆ ತರಬೇತಿ ಏರ್ಪಡಿಸುವ ಜವಾಬ್ದಾರಿ ಯಾರ ಮೇಲಿದೆಯೋ ಅವರಿಗಾಗಿ ಇದನ್ನು ಬರೆದಿದ್ದೇನೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ. ಸುಮಾರು 88 ಲಕ್ಷ ಜನ. ಹೆಚ್ಚಿನವರನ್ನು ಮನೆಯವರೇ ನೋಡಿಕೊಳ್ಳುತ್ತಾರೆ. ಸಂಬಳಕ್ಕೆ ನೋಡಿಕೊಳ್ಳುವವರ ಕೈಗೆ ಬರುವ ಹೊತ್ತಿಗೆ ಕಾಯಿಲೆ ಸಾಕಷ್ಟು ಮುಂದುವರಿದಿರುತ್ತದೆ.

ಮೊದಲು, ನಂಟೇ ಆರೈಕೆ ಅನ್ನುವ ವಿಚಾರ ಬಂದ ದಾರಿ

ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿದ್ದ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ 1990ರ ದಶಕದಲ್ಲಿ ಒಂದು ಮಾತು ಹೇಳಿದರು. ಡಿಮೆನ್ಷಿಯಾ ಇರುವವರು ಕುಸಿಯುವುದಕ್ಕೆ ಮಿದುಳಿನ ಹಾನಿ ಒಂದೇ ಕಾರಣವಲ್ಲ, ಸುತ್ತಲಿನವರು ನಡೆಸಿಕೊಳ್ಳುವ ರೀತಿಯೂ ಕಾರಣ. ಅವಸರ ಮಾಡುವುದು, ಮಗುವಿನಂತೆ ಮಾತಾಡಿಸುವುದು, ಎದುರಿಗೇ ಇದ್ದರೂ ಇಲ್ಲದವರಂತೆ ಅವರ ಬಗ್ಗೆ ಮಾತಾಡುವುದು. ಇಂಥವನ್ನು ಅವರು ಪಟ್ಟಿಯೇ ಮಾಡಿದರು. ವ್ಯಕ್ತಿಯನ್ನು ಕೇಂದ್ರದಲ್ಲಿಡಿ ಎಂಬುದು ಅವರ ಸಾರ.

ಆಮೇಲೆ ಇಂಗ್ಲೆಂಡಿನದೇ ಶೆಫೀಲ್ಡ್‌ನ ನರ್ಸಿಂಗ್ ಪ್ರಾಧ್ಯಾಪಕ ಮೈಕ್ ನೋಲನ್ ಮತ್ತು ಜೊತೆಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ವ್ಯಕ್ತಿ ಒಬ್ಬರೇ ಕೇಂದ್ರದಲ್ಲಿದ್ದರೆ ಸಾಲದು. ಹಿರಿಯರು, ಮನೆಯವರು, ನೋಡಿಕೊಳ್ಳುವ ಸಿಬ್ಬಂದಿ, ಈ ಮೂವರ ನಡುವಿನ ನಂಟೇ ಆರೈಕೆ ಎಂದರು. ಮೂವರಿಗೂ ಆರು ಭಾವನೆಗಳು ಬೇಕು: ಭದ್ರತೆ, ನಾನೂ ಇಲ್ಲಿಯವನು ಅನ್ನುವ ಭಾವ, ನಿನ್ನೆ-ಇಂದಿನ ಮುಂದುವರಿಕೆ, ಬೆಳಗ್ಗೆ ಏಳುವುದಕ್ಕೊಂದು ಕಾರಣ, ಏನೋ ಸಾಧಿಸಿದ ತೃಪ್ತಿ, ನನಗೂ ಬೆಲೆಯಿದೆ ಅನ್ನುವ ನಂಬಿಕೆ.

ನನ್ನ ಮಟ್ಟಿಗೆ ಇದರಲ್ಲಿ ಮುಖ್ಯ ಪದ 'ಮೂವರಿಗೂ'. ಆಯಾಗೆ ಭದ್ರತೆ ಇಲ್ಲದ ಕಡೆ ಅಜ್ಜಿಗೂ ಇರುವುದಿಲ್ಲ. ಹಾಗಾಗಿ ತರಬೇತಿ ಶುರುವಾಗಬೇಕಾದ್ದು ಕ್ಲಾಸ್‌ರೂಮಿನಲ್ಲಲ್ಲ, ಆಫೀಸಿನ ಗೋಡೆಯ ಮೇಲಿರುವ ಡ್ಯೂಟಿ ಚಾರ್ಟಿನಲ್ಲಿ.

ಹಂತ 1: ಡ್ಯೂಟಿ ಚಾರ್ಟ್ ಸರಿಮಾಡಿ

ಅದೇ ಮುಖ, ಅದೇ ಕೈ, ಅದೇ ದನಿ. ನಂಟು ಬೆಳೆಯುವುದು ಹೀಗೆ. ನೆನಪು ಕೈಕೊಟ್ಟವರಿಗೂ ಹೆಸರು ಗೊತ್ತಾಗದಿದ್ದರೂ 'ಇವರು ನಮ್ಮವರು' ಅನ್ನುವುದು ಮೈಗೆ ಗೊತ್ತಾಗುತ್ತದೆ. ವಾರಕ್ಕೊಂದು ವಾರ್ಡ್ ಬದಲಿಸಿದರೆ ಇದು ಯಾವತ್ತೂ ಆಗುವುದಿಲ್ಲ.

ಒಬ್ಬೊಬ್ಬ ಸಿಬ್ಬಂದಿಗೆ ಕೆಲವೇ ಹಿರಿಯರನ್ನು ಖಾಯಂ ಆಗಿ ಒಪ್ಪಿಸಿ. ರಜೆ ದಿನಕ್ಕೆ ಒಬ್ಬರು ಬದಲಿ ಇರಲಿ, ಆ ಬದಲಿಯೂ ಖಾಯಂ ಇರಲಿ. 'ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳಬೇಕು' ಅನ್ನುವ ನಿಯಮ ಮ್ಯಾನೇಜರಿಗೆ ಅನುಕೂಲ, ಬೇರೆ ಯಾರಿಗೂ ಅಲ್ಲ.

ಸ್ನಾನಕ್ಕೆ ಇಂಥದೇ ಹೊತ್ತು ಅನ್ನುವುದನ್ನೂ ಬಿಡಿ. ಜೀವನವಿಡೀ ಸಂಜೆ ಗದ್ದೆಯಿಂದ ಬಂದು ಮಿಂದವರು ಬೆಳಗ್ಗೆ ಆರಕ್ಕೆ ಯಾಕೆ ಒಪ್ಪುತ್ತಾರೆ? ಇಷ್ಟನ್ನು ಮಾಡಲು ಆಡಳಿತ ತಯಾರಿಲ್ಲ ಅಂದರೆ ತರಬೇತಿಯನ್ನು ಮುಂದಕ್ಕೆ ಹಾಕುವುದೇ ವಾಸಿ.

ಇನ್ನೊಂದು ಮಾತು. ಆಯಾಗಳನ್ನು 'ಏಯ್, ಬಾರೇ ಇಲ್ಲಿ' ಅಂತ ಕರೆಯುವ ಕಡೆ, ಅದೇ ಆಯಾ ಅಜ್ಜಿಯನ್ನು ಬಹುವಚನದಲ್ಲಿ ಮಾತಾಡಿಸಲಿ ಅಂತ ನಿರೀಕ್ಷಿಸುವುದು ದುರಾಸೆ. ಅದನ್ನು ಮೊದಲು ಆಫೀಸಿನಲ್ಲಿ ಸರಿಮಾಡಿಕೊಳ್ಳಿ.

ಹಂತ 2: ಮೂರು ಕಾಲಂ ಹಾಳೆ

ಮೊದಲ ತರಗತಿ ಮುಕ್ಕಾಲು ಗಂಟೆ ಸಾಕು. ಬೋರ್ಡಿನ ಮೇಲೆ ಮೂರು ಕಾಲಂ ಎಳೆಯಿರಿ: ಹಿರಿಯರು, ಮನೆಯವರು, ನಾವು. ಎಡಗಡೆ ಆರು ಭಾವನೆಗಳು. ಒಬ್ಬ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ತುಂಬಿಸಿ. 'ಈ ತಾತನಿಗೆ ಭದ್ರತೆ ಅನ್ನಿಸುವುದು ಯಾವಾಗ? ಮಗಳಿಗೆ? ನಿಮಗೆ?'

ಶುರು ಮಾಡುವುದು 'ನಾವು' ಕಾಲಂನಿಂದ. ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಮೇಡಂ ಎದುರಿಗೆ ಏನು ಹೇಳುವುದು ಅಂತ ಸುಮ್ನೆ ಕೂರುತ್ತಾರೆ. ಮ್ಯಾನೇಜರ್ ಆ ಹೊತ್ತಿಗೆ ಹೊರಗಿದ್ದರೆ ಒಳ್ಳೆಯದು. ಒಬ್ಬರು ಶುರು ಮಾಡಿದರೆ ಆಯಿತು: ತಾತ ಹೊಡೆದಾಗ 'ನೀನೇನು ಮಾಡಿದೆ' ಅಂತ ನಮ್ಮನ್ನೇ ಕೇಳುತ್ತಾರೆ, ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರುತ್ತೇನೆ, ಅಜ್ಜಿ ತೀರಿಕೊಂಡಿದ್ದು ಡ್ಯೂಟಿಗೆ ಬಂದಾಗ ಖಾಲಿ ಮಂಚ ನೋಡಿ ಗೊತ್ತಾಯಿತು. ಎಲ್ಲವನ್ನೂ ಬರೆದುಕೊಳ್ಳಿ. ಇವುಗಳಲ್ಲಿ ಒಂದನ್ನಾದರೂ ಮುಂದಿನ ತರಗತಿಯೊಳಗೆ ಸರಿಪಡಿಸಿ ತೋರಿಸಬೇಕು. ಇಲ್ಲದಿದ್ದರೆ ಮುಂದಿನ ತರಗತಿಗೆ ಅವರು ಬರುತ್ತಾರೆ, ಮನಸ್ಸು ಬರುವುದಿಲ್ಲ.

ಹಂತ 3: ಒಂದು ಪುಟದ ಜೀವನ ಪರಿಚಯ

ಅಡ್ಮಿಷನ್ ಫಾರಂನಲ್ಲಿ ಶುಗರ್, ಬಿಪಿ, ಆಧಾರ್ ನಂಬರ್ ಇರುತ್ತವೆ. ಆ ಮನುಷ್ಯ ಇರುವುದಿಲ್ಲ. ಮನೆಯವರನ್ನು ಕೂರಿಸಿಕೊಂಡು ಒಂದೇ ಒಂದು ಪುಟ ಬರೆಯುವುದನ್ನು ಸಿಬ್ಬಂದಿಗೆ ಕಲಿಸಿ. ಬರೆಯುವುದು ಆಫೀಸಿನವರಲ್ಲ, ನೋಡಿಕೊಳ್ಳುವವರೇ. ಬರೆಯಲು ಬಾರದಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ.

ಕೇಳಬೇಕಾದ್ದು: ಮನೆಯಲ್ಲಿ ಏನಂತ ಕರೆಯುತ್ತಿದ್ದರು? ನಲವತ್ತು ವರ್ಷ ಮೇಷ್ಟ್ರಾಗಿದ್ದವರು 'ತಾತ' ಅಂದರೆ ತಿರುಗಿ ನೋಡದೆ 'ಮೇಷ್ಟ್ರೇ' ಅಂದರೆ ಎದ್ದು ಬರಬಹುದು. ಚಿಕ್ಕಂದಿನಲ್ಲಿ ಮನೆಯಲ್ಲಿ ಯಾವ ಭಾಷೆ? ತುಳು, ಕೊಂಕಣಿ, ಹವ್ಯಕ, ಉರ್ದು, ತೆಲುಗು? ಕೈ ಯಾವ ಕೆಲಸ ಮಾಡುತ್ತಿತ್ತು? ಬೀಡಿ ಕಟ್ಟುವುದು, ಹೂ ಕಟ್ಟುವುದು, ಲೆಡ್ಜರ್ ಬರೆಯುವುದು, ಅಡಿಕೆ ಸುಲಿಯುವುದು. ಕಾಫಿ ಸ್ಟೀಲ್ ಲೋಟದಲ್ಲೋ ಪಿಂಗಾಣಿ ಕಪ್ಪಿನಲ್ಲೋ? ಮಡಿ, ಉಪವಾಸ, ಈರುಳ್ಳಿ-ಬೆಳ್ಳುಳ್ಳಿ? ನಮಾಜಿನ ಹೊತ್ತು? ಮೈ ಮುಟ್ಟಲು ಗಂಡಸರೋ ಹೆಂಗಸರೋ? ಯಾವುದಕ್ಕೆ ಹೆದರುತ್ತಾರೆ?

ಊಹೆ ಮಾಡಬೇಡಿ ಅನ್ನುವುದನ್ನು ಒತ್ತಿ ಹೇಳಿ. ಗಂಡ ತೀರಿಕೊಂಡಿದ್ದಾರೆ ಅಂತ ಕುಂಕುಮ ಇಡದೆ ಬಿಡುವುದೂ ಊಹೆಯೇ. ಕೆಲವರು ಇಟ್ಟುಕೊಳ್ಳುತ್ತಾರೆ, ಇಡದಿದ್ದರೆ ಕನ್ನಡಿ ಮುಂದೆ ಚಡಪಡಿಸುತ್ತಾರೆ.

ಭಾಷೆಯ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಡಿಮೆನ್ಷಿಯಾ ಮುಂದುವರಿದಂತೆ ಆಮೇಲೆ ಕಲಿತ ಭಾಷೆಗಳು ಹಿಂದೆ ಸರಿದು, ಬಾಲ್ಯದ ಭಾಷೆ ಉಳಿಯುವುದು ಅನೇಕರಲ್ಲಿ ಕಾಣುತ್ತದೆ. ಬ್ಯಾಂಕಿನಲ್ಲಿ ಇಂಗ್ಲಿಷ್ ಬಳಸಿ, ಬೆಂಗಳೂರಿನಲ್ಲಿ ಕನ್ನಡ ಆಡಿದವರು ಈಗ ತುಳುವಿನಲ್ಲಿ ಮಾತ್ರ ನೀರು ಕೇಳುತ್ತಿರಬಹುದು. ಇತ್ತ ನೋಡಿಕೊಳ್ಳುವ ಹುಡುಗಿ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದಿರುತ್ತಾಳೆ. ಇದಕ್ಕೆ ಭಾಷಾ ತರಗತಿ ಬೇಕಿಲ್ಲ. ನೀರು, ನೋವು, ಬಚ್ಚಲು, ಊಟ, ಸಾಕು, ಚಳಿ, ಹೆದರಬೇಡಿ, ನಾನಿದ್ದೇನೆ ಇಂಥ ಇಪ್ಪತ್ತು-ಮೂವತ್ತು ಮಾತುಗಳನ್ನು ಹಿರಿಯರ ಮನೆಭಾಷೆಯಲ್ಲಿ ಮಗಳ ದನಿಯಲ್ಲೇ ರೆಕಾರ್ಡ್ ಮಾಡಿಸಿ. ಸಿಬ್ಬಂದಿ ಕೇಳಿ ಕೇಳಿ ಕಲಿಯಲಿ. ಉಚ್ಚಾರ ತಪ್ಪಿದರೆ ಅಜ್ಜಿ ತಿದ್ದುತ್ತಾರೆ. ತಿದ್ದುವುದೂ ಅಜ್ಜಿಗೆ ಒಂದು ಕೆಲಸವೇ ಅಲ್ವಾ?

ಹಂತ 4: ಸ್ನಾನದ ರಿಹರ್ಸಲ್

ಇಡೀ ತರಬೇತಿಯಲ್ಲಿ ಜಾಸ್ತಿ ಸಮಯ ಇದಕ್ಕೇ ಕೊಡಿ. ಜಗಳ, ಪರಚುವುದು, ಜಾರಿ ಬೀಳುವುದು ಹೆಚ್ಚಾಗಿ ನಡೆಯುವುದು ಬಚ್ಚಲಲ್ಲೇ.

ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಹಿರಿಯರು, ಒಬ್ಬರು ಆಯಾ. ಬಟ್ಟೆ ತೆಗೆಯಬೇಕಿಲ್ಲ. ಹಿರಿಯರಾದವರನ್ನು ಕುರ್ಚಿಯಲ್ಲಿ ಕೂರಿಸಿ, ಮಂಜಾಗಿ ಕಾಣುವಂತೆ ಕನ್ನಡಕದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಹಿಂದಿನಿಂದ ಬಂದು ಏನೂ ಹೇಳದೆ ಕೈ ಎಳೆಯಿರಿ, ಮುಂಗೈ ಮೇಲೆ ತಣ್ಣೀರು ಹಾಕಿ. ಅಷ್ಟಕ್ಕೇ ಬೆಚ್ಚುತ್ತಾರೆ. ಆಮೇಲೆ 'ಏನನ್ನಿಸಿತು' ಅಂತ ಕೇಳಿ.

ಈಗ ಸರಿಯಾದ ಕ್ರಮ. ಎದುರಿನಿಂದ, ಕಣ್ಣಿಗೆ ಕಾಣುವಂತೆ ನಿಧಾನವಾಗಿ ಬನ್ನಿ. ಅವರು ಕೂತಿದ್ದರೆ ನೀವೂ ಬಗ್ಗಿ, ಹೆಸರು ಹಿಡಿದು ಕರೆಯಿರಿ. 'ಸ್ನಾನ ಮಾಡ್ತೀರಾ?' ಅಂದರೆ 'ಬೇಡ' ಅನ್ನುವುದೇ ಹೆಚ್ಚು. 'ನೀರು ಕಾದಿದೆ ಅಮ್ಮಾ, ಬನ್ನಿ' ಅಂದು ಕೈ ಚಾಚಿ, ಅವರು ಹಿಡಿಯುವ ತನಕ ಕಾಯಿರಿ. ಬಚ್ಚಲು ಮೊದಲೇ ಬೆಚ್ಚಗಿರಲಿ, ನೆಲ ಒಣಗಿರಲಿ. ಕಪ್ಪು ಮ್ಯಾಟ್ ಹಾಕಬೇಡಿ, ಎಷ್ಟೋ ಜನರಿಗೆ ಅದು ಗುಂಡಿಯಂತೆ ಕಾಣುತ್ತದೆ. ಹಂಡೆ-ಚೊಂಬಿನಲ್ಲಿ ಮಿಂದು ಬೆಳೆದವರಿಗೆ ತಲೆ ಮೇಲಿಂದ ಸುರಿಯುವ ಶವರ್ ಭಯ ಹುಟ್ಟಿಸುತ್ತದೆ. ಬಕೆಟ್, ಮಗ್ ಇಡಿ. ನೀರು ಮೊದಲು ಪಾದಕ್ಕೆ. ಆಮೇಲೆ ಮೊಣಕಾಲು, ಕೈ. ತಲೆಗೆ ಕೊನೆಯಲ್ಲಿ, ಬೇಕಿದ್ದರೆ ಮಾತ್ರ. ಮೈಮೇಲೆ ಪಂಚೆ ಅಥವಾ ಟವೆಲ್ ಇರಲಿ, ತೊಳೆಯುವ ಭಾಗವಷ್ಟೇ ಸರಿಸಿ. ಸೋಪನ್ನು ಅವರ ಕೈಗೆ ಕೊಟ್ಟು ನಿಮ್ಮ ಕೈಯನ್ನು ಅವರ ಕೈಯಡಿ ಇಟ್ಟು ನಡೆಸಿ. ಆಗ ಸೋಪು ಹಚ್ಚುತ್ತಿರುವುದು ಅವರೇ.

ಬೇಡ ಅಂದರೆ ನಿಲ್ಲಿಸಿ. ಇಪ್ಪತ್ತು ನಿಮಿಷ ಬಿಟ್ಟು ಬನ್ನಿ. ಅಷ್ಟರಲ್ಲಿ ನೀವು ಮೊದಲು ಬಂದಿದ್ದೇ ಮರೆತಿರಬಹುದು. ಆಗಲೂ ಬೇಡವೆಂದರೆ ಬಿಸಿನೀರಲ್ಲಿ ಅದ್ದಿದ ಟವೆಲ್‌ನಿಂದ ಹಾಸಿಗೆಯಲ್ಲೇ ಒರೆಸಿ. ಒಂದು ದಿನ ಸ್ನಾನ ತಪ್ಪಿದರೆ ಏನೂ ಆಗುವುದಿಲ್ಲ. ಇದನ್ನು ಸೂಪರ್‌ವೈಸರ್ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಆಯಾ ನಂಬುವುದಿಲ್ಲ.

ಹಂತ 5: 'ಮನೆಗೆ ಹೋಗ್ಬೇಕು' ಅಂದಾಗ

ಸಂಜೆ ಐದರ ಹೊತ್ತಿಗೆ ಚಡಪಡಿಕೆ ಏರುವುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಈ ಸಂಭಾಷಣೆಯನ್ನು ಆಡಿ ತೋರಿಸಿ.

'ಕತ್ತಲಾಗ್ತಾ ಬಂತು. ಮಕ್ಕಳು ಸ್ಕೂಲಿಂದ ಬಂದಿರ್ತಾರೆ. ನಾನು ಹೋಗ್ಬೇಕು.'

'ಇದೇ ನಿಮ್ಮನೆ ಅಜ್ಜಿ. ನಿಮ್ಮ ಮಗನಿಗೇ ಅರವತ್ತಾಯ್ತು!' ಇದು ನಿಜ, ಆದರೆ ಅಜ್ಜಿಗೆ ಹೊಡೆತ. 'ನಾಳೆ ಕಾರು ಬರುತ್ತೆ' ಅನ್ನುವುದು ಸುಳ್ಳು, ಮತ್ತು ನಾಳೆಯ ಪಾಳಿಯವರ ತಲೆಗೆ ಕಟ್ಟಿದ್ದು.

ಇದನ್ನು ಪ್ರಯತ್ನಿಸಿ: 'ಮಕ್ಕಳು ಹಸ್ಕೊಂಡು ಬರ್ತಾರೆ ಅಲ್ವಾ ಅಜ್ಜಿ. ಏನ್ ಮಾಡಿಡ್ತಿದ್ರಿ?'

'ಅವಲಕ್ಕಿ.'

'ಒಗ್ಗರಣೆ ಹಾಕಿದ್ದೋ, ಮೊಸರವಲಕ್ಕಿನೋ?'

ಬಾಗಿಲಿಗೆ ಅಡ್ಡ ನಿಲ್ಲದೆ ಜೊತೆಗೇ ನಾಲ್ಕು ಹೆಜ್ಜೆ ನಡೆಯಿರಿ. ಅಡುಗೆಮನೆ ಕಡೆ ತಿರುಗಿ, ಸೊಪ್ಪು ಬಿಡಿಸಲು ಕೊಡಿ. ಅವರು ಕೇಳುತ್ತಿರುವುದು ವಿಳಾಸವನ್ನಲ್ಲ. ನನ್ನನ್ನು ಕಾಯುವವರು ಇದ್ದಾರೆಯೇ, ನನ್ನಿಂದ ಯಾರಿಗಾದರೂ ಆಗಬೇಕಾದ್ದು ಇದೆಯೇ ಅಂತ. ಕತ್ತಲಾಗುವ ಮೊದಲೇ ದೀಪ ಹಾಕುವುದು, ನಾಲ್ಕೂವರೆಗೇ ತಿಂಡಿ ಕೊಡುವುದು ಕೂಡ ಉಪಯೋಗಕ್ಕೆ ಬರುತ್ತದೆ.

ತೀರಿಹೋದ ಗಂಡನನ್ನು ಕೇಳಿದರೆ? ಪ್ರತಿ ಸಲ ಸಾವಿನ ಸುದ್ದಿ ಹೇಳುವುದು ಕ್ರೌರ್ಯ. 'ಅವರ ನೆನಪು ಬರ್ತಿದೆಯಾ ಅಮ್ಮಾ? ಹೇಗಿದ್ರು ಅವರು?' ಅನ್ನಿ. ಆದರೆ ಅವರೇ ಕಣ್ಣಲ್ಲಿ ಕಣ್ಣಿಟ್ಟು 'ಹೋಗ್ಬಿಟ್ರಾ?' ಅಂತ ಕೇಳಿದರೆ, ಇಲ್ಲ ಅನ್ನಬೇಡಿ. ಕೈ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ಯಾವ ಉತ್ತರ ಕೊಡುವುದು ಅಂತ ಮನೆಯವರ ಜೊತೆ ಮಾತಾಡಿ ನಿರ್ಧರಿಸಿ, ಎಲ್ಲ ಪಾಳಿಯವರೂ ಅದನ್ನೇ ಹೇಳಲಿ.

ಹಂತ 6: ವರ್ತನೆಯ ಹಿಂದೇನಿದೆ ನೋಡಿ

'ಹಠ', 'ತಿಕ್ಕಲು', 'ಅರಳುಮರಳು' ಅಂತ ಹ್ಯಾಂಡೋವರ್ ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಿ. ಕಂಡದ್ದನ್ನಷ್ಟೇ ಬರೆಯಿರಿ: ಅದಕ್ಕೂ ಮೊದಲು ಏನಾಯಿತು, ಏನು ಮಾಡಿದರು, ಆಮೇಲೆ ಏನಾಯಿತು. ಒಂದು ವಾರ ಹೀಗೆ ಬರೆದರೆ ಎಷ್ಟೋ ಸಲ ಕಾರಣ ತಾನಾಗಿ ಹೊರಬರುತ್ತದೆ. ಊಟಕ್ಕೆ ಕೂತಾಗ ಟಿವಿ ಜೋರಿತ್ತು, ಒದ್ದೆ ಡೈಪರ್ ಬದಲಿಸಿರಲಿಲ್ಲ, ಬಿಳಿ ತಟ್ಟೆಯಲ್ಲಿ ಮೊಸರನ್ನ ಕಾಣದೆ ತಟ್ಟೆ ತಳ್ಳಿದರು.

ಒಂದು ನಿಯಮವನ್ನು ಎಲ್ಲರೂ ಬಾಯಿಪಾಠ ಮಾಡಬೇಕು. ಕೆಲವು ಗಂಟೆ ಅಥವಾ ಒಂದೆರಡು ದಿನದಲ್ಲಿ ದಿಢೀರನೆ ಬದಲಾದರೆ, ಮಂಕಾದರೆ, ಇಲ್ಲದ್ದು ಕಂಡರೆ, ಅದು 'ಡಿಮೆನ್ಷಿಯಾ ಜಾಸ್ತಿಯಾಯಿತು' ಅಲ್ಲ. ಅದು ಡೆಲಿರಿಯಂ, ಅಂದರೆ ಮೈಯ ಬೇರೆ ತೊಂದರೆಯಿಂದ ದಿಢೀರನೆ ತಲೆ ಗೊಂದಲವಾಗುವ ಸ್ಥಿತಿ ಇರಬಹುದು. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾಗುವುದು, ಹೊಸ ಮಾತ್ರೆ, ಬಿದ್ದ ಪೆಟ್ಟು ಹೀಗೆ ಕಾರಣಗಳಿರುತ್ತವೆ. ಅವತ್ತೇ ಡಾಕ್ಟರಿಗೆ ತೋರಿಸಿ.

ಮಾತು ನಿಂತವರಿಗೆ ನೋವಿದ್ದರೆ ಹೇಳಲಾರರು. ಅದಕ್ಕೆ 'ಪೇನ್‌ಆಡ್' ಅನ್ನುವ ಅಳತೆ ಇದೆ, 2003ರಿಂದ ಬಳಕೆಯಲ್ಲಿದೆ. ಉಸಿರಾಟ, ನರಳುವ ದನಿ, ಮುಖಭಾವ, ಮೈಯ ಬಿಗಿ, ಸಮಾಧಾನ ಮಾಡಿದರೆ ಸುಮ್ಮನಾಗುವರೇ ಅನ್ನುವುದು, ಈ ಐದಕ್ಕೂ 0ಯಿಂದ 2ರವರೆಗೆ ಅಂಕ. ಒಟ್ಟು 10. ಅರ್ಧ ಗಂಟೆಯಲ್ಲಿ ಕಲಿಸಬಹುದು. ಮಗ್ಗುಲು ಬದಲಿಸುವಾಗ ನೋಡುವುದು ಒಳ್ಳೆಯದು, ಸುಮ್ನೆ ಮಲಗಿದ್ದಾಗ ನೋವು ಅಡಗಿರುತ್ತದೆ.

ನಿದ್ದೆ ಬರಿಸುವ, ಸುಮ್ಮನಾಗಿಸುವ ಮಾತ್ರೆಗಳ ಬಗ್ಗೆ ಸಿಬ್ಬಂದಿಗೂ ತಿಳಿದಿರಲಿ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಆಂಟಿಸೈಕೋಟಿಕ್ (ತೀವ್ರ ಮಾನಸಿಕ ಕಾಯಿಲೆಗೆ ಕೊಡುವ) ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಕೆ ಕೊಟ್ಟರು. ಲೂಯಿ ಬಾಡಿ ವಿಧದವರಿಗಂತೂ ಹ್ಯಾಲೊಪೆರಿಡಾಲ್‌ನಂಥ ಆಂಟಿಸೈಕೋಟಿಕ್‌ಗಳು ತೀವ್ರ ತೊಂದರೆ ಕೊಡಬಲ್ಲವು. ಡಾಕ್ಟರ್ ಬರೆದುಕೊಟ್ಟದ್ದನ್ನು ನಾವಾಗಿ ನಿಲ್ಲಿಸುವುದಲ್ಲ, ಮೇಲೆ ಹೇಳಿದ ಟಿಪ್ಪಣಿ ತೋರಿಸಿ ಕೇಳುವುದು.

ಕುರ್ಚಿಗೆ ಸೀರೆಯಿಂದ ಕಟ್ಟುವುದು? ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಅನ್ವಯಿಸುವ 2017ರ ಕಾಯ್ದೆಯೇ ಸಿಬ್ಬಂದಿ ಕಡಿಮೆ ಇದ್ದಾರೆ ಅಂತ ಕಟ್ಟಿಹಾಕುವಂತಿಲ್ಲ ಅನ್ನುತ್ತದೆ. ವೃದ್ಧಾಶ್ರಮಕ್ಕೆ ಅದಕ್ಕಿಂತ ಸಡಿಲ ನಿಯಮ ಯಾಕಿರಬೇಕು?

ಹಂತ 7: ಮನೆಯವರು

ಮನೆಯವರು ಸಿಬ್ಬಂದಿ ಮೇಲೆ ರೇಗುವುದರ ಹಿಂದೆ ಹೆಚ್ಚಾಗಿ 'ಅಪ್ಪನನ್ನು ಆಶ್ರಮಕ್ಕೆ ಬಿಟ್ಟೆ' ಅನ್ನುವ ಸಂಕಟ ಇರುತ್ತದೆ. ನೆಂಟರ ಚುಚ್ಚುಮಾತು ಬೇರೆ. ಇದನ್ನು ಆಯಾಗಳಿಗೆ ಹೇಳಿ. ಅವರಿಗೂ ಊರಲ್ಲಿ ಅಪ್ಪ-ಅಮ್ಮ ಇದ್ದಾರೆ, ಅರ್ಥವಾಗುತ್ತದೆ.

ವಾರಕ್ಕೊಮ್ಮೆ ಎರಡು ಸಾಲಿನ ವಾಟ್ಸಾಪ್ ಸಂದೇಶ ಆಯಾರಿಂದಲೇ ಹೋಗಲಿ, ಆಫೀಸಿನಿಂದಲ್ಲ. 'ಇವತ್ತು ಮೇಷ್ಟ್ರು ಪೇಪರ್ ಓದಿ ಹೇಳಿದರು, ಎರಡು ಇಡ್ಲಿ ತಿಂದರು.' ಫೋಟೊ ಕಳಿಸುವುದಾದರೆ ಮೊದಲೇ ಒಪ್ಪಿಗೆ ಪಡೆದಿರಿ. ಭೇಟಿಗೆ ಬಂದವರು 'ನಾನ್ಯಾರು ಹೇಳು' ಅಂತ ಪರೀಕ್ಷೆ ಮಾಡದಂತೆ ಮೆಲ್ಲಗೆ ತಿಳಿಸಿ. 'ಅಮ್ಮಾ, ನಾನು ನಿಮ್ಮ ಎರಡನೇ ಮಗಳು, ಶಿವಮೊಗ್ಗದಿಂದ ಬಂದೆ' ಅಂತ ತಾವೇ ಹೇಳಿಕೊಂಡರೆ ಇಬ್ಬರಿಗೂ ಹಗುರ. ಮಾತಿಲ್ಲದ ಭೇಟಿಗೆ ಕೆಲಸ ಕೊಡಿ: ತಲೆಗೆ ಎಣ್ಣೆ ಹಚ್ಚುವುದು, ಉಗುರು ಕತ್ತರಿಸುವುದು.

ಹಂತ 8: ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು

ಹೊಡೆತ, ಪರಚು, ಅಸಭ್ಯವಾಗಿ ಮುಟ್ಟುವುದು, ಜಾತಿ ಹಿಡಿದು ಬೈಯುವುದು. ಇವೆಲ್ಲ ಆಗುತ್ತವೆ. ಕಾಯಿಲೆಯಿಂದ ಆಗಿದ್ದು ಅನ್ನುವುದು ವಿವರಣೆ, 'ಸಹಿಸಿಕೋ' ಅನ್ನುವುದಕ್ಕೆ ನೆಪವಲ್ಲ. ಹೇಳಿಕೊಂಡರೆ ಬೈಗುಳ ಬೀಳುವುದಿಲ್ಲ ಎಂಬ ಖಾತ್ರಿ ಇರಲಿ, ಆ ಕೆಲಸಕ್ಕೆ ಇಬ್ಬರನ್ನು ಕಳಿಸಿ ಅಥವಾ ವ್ಯಕ್ತಿಯನ್ನು ಬದಲಿಸಿ. ಸಿಟ್ಟು ನೆತ್ತಿಗೇರಿದಾಗ ಜೊತೆಯವರಿಗೆ ಹೇಳಿ ಹತ್ತು ನಿಮಿಷ ಹೊರಗೆ ಹೋಗುವ ಹಕ್ಕು ಎಲ್ಲರಿಗೂ ಇರಬೇಕು.

ಹಿರಿಯರು ತೀರಿಕೊಂಡರೆ ಖಾಯಂ ಆಗಿ ನೋಡಿಕೊಂಡವರಿಗೆ ಅವತ್ತೇ ಫೋನ್ ಮಾಡಿ. ಮನೆಯವರು ಒಪ್ಪಿದರೆ ಅಂತ್ಯಕ್ರಿಯೆಗೆ ಹೋಗಲು ಬಿಡಿ. ಮರುದಿನವೇ ಆ ಹಾಸಿಗೆಗೆ ಬಂದ ಹೊಸಬರನ್ನು ಅವರ ಕೈಗೆ ಒಪ್ಪಿಸಬೇಡಿ.

ಹಂತ 9: ಕಲಿತದ್ದು ನಿಂತಿದೆಯೇ?

ಪ್ರಶ್ನೆಪತ್ರಿಕೆ ಬೇಡ. ಬ್ರಾಡ್‌ಫರ್ಡ್‌ನಲ್ಲಿ ಕಿಟ್‌ವುಡ್ ಮತ್ತು ಜೊತೆಯವರು ರೂಪಿಸಿದ ಡಿಮೆನ್ಷಿಯಾ ಕೇರ್ ಮ್ಯಾಪಿಂಗ್‌ನಲ್ಲಿ ತರಬೇತಾದವರು ಹಾಲ್‌ನಲ್ಲಿ ಕೂತು ಪ್ರತಿ ಐದು ನಿಮಿಷಕ್ಕೆ ಹಿರಿಯರು ಏನು ಮಾಡುತ್ತಿದ್ದಾರೆ, ಮನಸ್ಸು ಹೇಗಿದೆ ಅಂತ ದಾಖಲಿಸುತ್ತಾರೆ. ಅದಕ್ಕೆ ಬೇರೆಯೇ ಕೋರ್ಸ್ ಇದೆ. ನೀವು ಅದರ ಸರಳ ರೂಪ ಮಾಡಬಹುದು. ತಿಂಗಳಿಗೊಮ್ಮೆ ಒಂದು ಗಂಟೆ ಮೂಲೆಯಲ್ಲಿ ಕೂರಿ. ಇಬ್ಬರು-ಮೂವರು ಹಿರಿಯರನ್ನು ಮಾತ್ರ ಗಮನಿಸಿ. ಪಕ್ಕದಲ್ಲಿ ಹಾದುಹೋದ ಸಿಬ್ಬಂದಿ ಮಾತಾಡಿಸಿದರೇ? ಗಾಲಿಕುರ್ಚಿ ತಳ್ಳುವ ಮೊದಲು ಹೇಳಿದರೇ? ಅಜ್ಜಿ ಎಷ್ಟು ಹೊತ್ತು ಗೋಡೆ ನೋಡುತ್ತಾ ಕೂತಿದ್ದರು? ಹೆಸರು ಬರೆಯಬೇಡಿ. ಒಳ್ಳೆಯದು ಕಂಡರೆ ಅಲ್ಲೇ, ಆಗಲೇ ಹೇಳಿ. ಉಳಿದದ್ದನ್ನು ವಾರದ ಮಾತುಕತೆಯಲ್ಲಿ ಎತ್ತಿಕೊಳ್ಳಿ.

ವೇಳಾಪಟ್ಟಿ ಹೀಗಿರಲಿ: ಎರಡು ಪಾಳಿ ಕೂಡುವ ಮಧ್ಯಾಹ್ನದ ಹೊತ್ತಿನಲ್ಲಿ ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ಎಂಟು ವಾರ. ಸ್ನಾನಕ್ಕೆ ಎರಡು ವಾರ, ಹಂತ 5ರ ಮಾತಿಗೆ ಎರಡು, ಹಂತ 2, 3, 6, 7ಕ್ಕೆ ಒಂದೊಂದು. ಡ್ಯೂಟಿ ಮುಗಿದ ಮೇಲೆ ಕೂರಿಸಿದರೆ ಓವರ್‌ಟೈಮ್ ಕೊಡಿ. ಅಡುಗೆಯವರು, ಕ್ಲೀನಿಂಗ್‌ನವರು, ಸೆಕ್ಯೂರಿಟಿಯವರೂ ಬರಲಿ. ಗೇಟಿನ ಹತ್ತಿರ 'ಮನೆಗೆ ಹೋಗ್ಬೇಕು' ಅನ್ನುವವರ ಜೊತೆ ಮಾತಾಡುವವರು ಸೆಕ್ಯೂರಿಟಿಯವರೇ ತಾನೇ?

ಹೊರಗಿನ ನೆರವು ಬೇಕಿದ್ದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567, ಸಿಬ್ಬಂದಿಯ ಮನಸ್ಸಿಗೆ ಭಾರವಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಎರಡನ್ನೂ ನರ್ಸಿಂಗ್ ಸ್ಟೇಷನ್ ಗೋಡೆಗೆ ಅಂಟಿಸಿ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮುಂದಿನ ಬ್ಯಾಚ್‌ವರೆಗೆ ಕಾಯಬೇಡಿ. ಮೊದಲ ವಾರ ಅವರಿಗೆ ಹಿರಿಯರನ್ನು ಒಪ್ಪಿಸದೆ ಅನುಭವಿ ಆಯಾ ಒಬ್ಬರ ಜೊತೆ ಬಿಡಿ, ಆ ಆಯಾಗೆ ಕಲಿಸಿದ್ದಕ್ಕೆ ಸಂಬಳದಲ್ಲಿ ಒಂದಿಷ್ಟು ಹೆಚ್ಚು ಸೇರಿಸಿ.